ಮೌಸ್ ಮಕ್ಕಳ ಕೈಗೆ ಹೋದ ಮೇಲೆ

ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಪಾವಗಡ ತುಮಕೂರು ಜಿಲ್ಲೆಗೆ ಸೇರಿದ್ದರೂ ಸುತ್ತಲೂ ಹೆಚ್ಚುಕಮ್ಮಿ ಆಂಧ್ರವೇ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಾರೆ, ಕಂಪ್ಯೂಟರ್ ಮುಂದೆ ಕೂತಾಗ ಎರಡನ್ನೂ ಬೆರೆಸಿ ವಾದ ಮಾಡುತ್ತಾರೆ. ಆ ವಾದಗಳಿಂದ ನಾನು ಕಲಿತದ್ದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಈ ದಸರಾ ರಜೆಯಲ್ಲಿ ಬಿಡುವು ಸಿಕ್ಕಿದೆ.

ರೇಖಾಗಣಿತದ ಚಿತ್ರಗಳನ್ನು ಪರದೆಯ ಮೇಲೆ ರಚಿಸಿ ಎಳೆದು ನೋಡಬಹುದಾದ ಜಿಯೋಜೀಬ್ರಾ ನನಗೆ ಪರಿಚಯವಾದದ್ದು ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ನಡೆದ ಒಂದು ತರಬೇತಿಯಲ್ಲಿ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನುವವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿದ್ದಾಗ ಶುರುಮಾಡಿದ ತಂತ್ರಾಂಶ ಅದು. ನಾವು ದುಡ್ಡು ಕೊಡಬೇಕಿಲ್ಲ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಕಿಲ್ಲ. ನಮ್ಮಂಥ ಶಾಲೆಗೆ ಈ ಎರಡು ಗುಣ ಉಳಿದೆಲ್ಲಕ್ಕಿಂತ ದೊಡ್ಡವು. ನಮ್ಮ ಲ್ಯಾಬ್‌ನಲ್ಲಿ ಏಳು ಕಂಪ್ಯೂಟರ್ ನಡೆಯುತ್ತವೆ. ಒಂದೊಂದರ ಮುಂದೆ ಮೂವರು. ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೋ ಅಷ್ಟೇ ಪಾಠ. ಹಾಗಾಗಿ ಮಕ್ಕಳಿಗೆ ಫೈಲ್ ಸೇವ್ ಮಾಡುವ ಅಭ್ಯಾಸ ಬಹಳ ಬೇಗ ಬಂತು!

ಮೊದಲೆರಡು ವರ್ಷ ನಾನು ಪ್ರೊಜೆಕ್ಟರ್ ಹಾಕಿ ತೋರಿಸುತ್ತಿದ್ದೆ. ಅದು ಒಳ್ಳೆಯ ಪಾಠವೇ. ಕರಿಹಲಗೆಯ ಮೇಲೆ ಒಂದು ತ್ರಿಭುಜ ಬರೆದರೆ ಅದು ಒಂದೇ ತ್ರಿಭುಜ. ಪರದೆಯ ಮೇಲೆ ಶೃಂಗವನ್ನು ಹಿಡಿದು ಎಳೆದರೆ ಸಾವಿರ ತ್ರಿಭುಜ ಕಣ್ಣ ಮುಂದೆ ಹೋಗುತ್ತವೆ. ಮಕ್ಕಳು "ಓ..." ಅನ್ನುತ್ತಿದ್ದರು. ಆದರೆ ಎಳೆಯುತ್ತಿದ್ದ ಕೈ ನನ್ನದು. ಎಲ್ಲಿ ನಿಲ್ಲಿಸಬೇಕು, ಏನನ್ನು ನೋಡಬೇಕು, ಯಾವಾಗ ಆಶ್ಚರ್ಯಪಡಬೇಕು ಅನ್ನುವುದನ್ನೂ ನಾನೇ ತೀರ್ಮಾನಿಸುತ್ತಿದ್ದೆ. ಮೌಸ್ ಅವರ ಕೈಗೆ ಕೊಟ್ಟ ಮೇಲೆ ನನ್ನ ಕೆಲಸವೇ ಬದಲಾಯಿತು.

ಒಂಬತ್ತನೇ ತರಗತಿಗೆ ನಾನು ಈಗ ಮೊದಲು ಕೊಡುವ ಕೆಲಸ ಇದು: ಒಂದು ಚೌಕ ಮಾಡಿ, ನಾನು ಬಂದು ಅದರ ಒಂದು ಮೂಲೆ ಹಿಡಿದು ಎಳೆಯುತ್ತೇನೆ, ಆಗಲೂ ಅದು ಚೌಕವಾಗಿಯೇ ಇರಬೇಕು. ಇಷ್ಟೇ.

ಎಲ್ಲರೂ ಮೊದಲು ನಾಲ್ಕು ಬಿಂದು ಇಟ್ಟು ಗೆರೆ ಕೂಡಿಸುತ್ತಾರೆ. ನೋಡಲು ಚೌಕವೇ. ಎಳೆದ ತಕ್ಷಣ ಸೊಟ್ಟಗಾಗುತ್ತದೆ. ಕಾಗದದ ಮೇಲೆ ಇದು ಗೊತ್ತಾಗುವುದೇ ಇಲ್ಲ, ಅಲ್ವಾ? ಕಣ್ಣಳತೆಯಲ್ಲಿ ಬರೆದ ಚೌಕಕ್ಕೂ ಲೆಕ್ಕಾಚಾರದಿಂದ ರಚಿಸಿದ ಚೌಕಕ್ಕೂ ಕಾಗದದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ಆಮೇಲೆ ಶುರುವಾಗುತ್ತದೆ ಯೋಚನೆ. "ಈ ಮೂಲೆ ಯಾವಾಗಲೂ ತೊಂಬತ್ತು ಡಿಗ್ರಿ ಇರಬೇಕಂದ್ರೆ ಏನ್ ಮಾಡೋದು?" ಅಂತ ಒಬ್ಬಳು ಕೇಳುತ್ತಾಳೆ. ಲಂಬರೇಖೆ ಎಳೆಯುತ್ತಾರೆ. ಮೂಲೆ ನಿಂತಿತು, ಉದ್ದ ನಿಲ್ಲಲಿಲ್ಲ. "ಎರಡು ಬಾಹು ಸಮ ಇರಬೇಕಲ್ಲ, ಹೆಂಗೆ ಕಟ್ಟಿಹಾಕೋದು?" ಅನ್ನುವಲ್ಲಿ ಸಿಕ್ಕಿಕೊಳ್ಳುತ್ತಾರೆ. ಹೋದ ವರ್ಷ ಒಬ್ಬ ಹುಡುಗ ಸುಮ್ಮನೆ ಕೂತಿದ್ದವನು ಕಂಪಾಸ್ ಬಾಕ್ಸ್‌ನಿಂದ ಕೈವಾರ ತೆಗೆದು ಮಾನಿಟರ್‌ಗೆ ಅಡ್ಡ ಹಿಡಿದ. "ವೃತ್ತ ಹಾಕಿದ್ರೆ? ತ್ರಿಜ್ಯ ಎಲ್ಲಾ ಕಡೆ ಒಂದೇ ಅಲ್ವಾ" ಅಂದ. ವೃತ್ತದ ವ್ಯಾಖ್ಯೆಯನ್ನು ಆ ಮಕ್ಕಳಿಗೆ ನಾನೇ ಬರೆಸಿದ್ದೆ. ಅದು ಒಂದು ಸಾಧನವಾಗಿ ಕೈಗೆ ಸಿಕ್ಕಿದ್ದು ಆವತ್ತು.

ಇನ್ನೊಂದು ಗುಂಪು ಮೆನುವಿನಲ್ಲಿ ಹುಡುಕಾಡಿ ರೆಗ್ಯುಲರ್ ಪಾಲಿಗನ್ ಅನ್ನುವ ಗುಂಡಿ ಕಂಡುಹಿಡಿಯಿತು. ಎರಡು ಬಿಂದು ಒತ್ತಿ 4 ಅಂತ ಕೊಟ್ಟರೆ ಚೌಕ ತಾನೇ ಬರುತ್ತದೆ, ಎಳೆದರೂ ಕೆಡುವುದಿಲ್ಲ. ನಾನು ಅದನ್ನು ಒಪ್ಪಿಕೊಂಡೆ. ಮುಂದಿನ ಪ್ರಶ್ನೆ ಕೊಟ್ಟೆ: "ಆ ಗುಂಡಿ ಒಳಗಡೆ ಏನು ಮಾಡ್ತಿರಬಹುದು, ಅದಿಲ್ಲದೆ ಮಾಡಿ ತೋರಿಸಿ." ಆ ಗುಂಪು ಊಟದ ಬೆಲ್ ಆದರೂ ಏಳಲಿಲ್ಲ.

ಮೂವರು ಒಂದು ಕಂಪ್ಯೂಟರ್ ಮುಂದೆ ಕೂತರೆ ಮೌಸ್ ಯಾರ ಕೈಯಲ್ಲಿರುತ್ತೆ ಅನ್ನುವುದು ಸಣ್ಣ ವಿಷಯವಲ್ಲ. ಬಿಟ್ಟರೆ ಯಾವಾಗಲೂ ಒಬ್ಬನೇ ಹಿಡಿದಿರುತ್ತಾನೆ, ಹೆಣ್ಣುಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಿರುತ್ತಾರೆ. ಅದಕ್ಕೇ ಒಂದು ನಿಯಮ ಇಟ್ಟಿದ್ದೇನೆ. ಮೌಸ್ ಹಿಡಿದವರು ತಮ್ಮ ಮನಸ್ಸಿಗೆ ಬಂದದ್ದು ಮಾಡುವಂತಿಲ್ಲ. ಪಕ್ಕದವರು ಬಾಯಲ್ಲಿ ಹೇಳಬೇಕು, ಮೌಸ್ ಹಿಡಿದವರು ಹೇಳಿದಷ್ಟೇ ಮಾಡಬೇಕು. ಮೂರನೆಯವರು ಹಂತಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. "ಅಲ್ಲಿ ಎಳಿ, ಇಲ್ಲಿ ಒತ್ತು" ಅಂದರೆ ಕೆಲಸ ನಡೆಯುವುದಿಲ್ಲ. "ಎ ಬಿಂದುವಿನಿಂದ ಎಬಿ ಗೆ ಲಂಬ ಎಳಿ" ಅನ್ನಲೇಬೇಕು. ಗಣಿತದ ಪದಗಳು ಬಾಯಿಪಾಠದಿಂದ ಬಾರದೆ ಕೆಲಸದ ಅಗತ್ಯದಿಂದ ನಾಲಿಗೆಗೆ ಬಂದದ್ದನ್ನು ನಾನು ಕಂಡದ್ದು ಹೀಗೆ. ತರಗತಿಯಲ್ಲಿ ಬಾಯಿಬಿಡದ ಒಬ್ಬ ಹುಡುಗಿ ಈ ಆಟದಲ್ಲಿ ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಳು ಅಂದರೆ, ಬೇರೆ ಗುಂಪಿನವರು ಅವಳನ್ನು ಎರವಲು ಕೇಳುತ್ತಿದ್ದರು.

ಇನ್ನೊಂದು ದಿನ ತ್ರಿಭುಜದ ಕೋನಗಳ ಮೊತ್ತ ನೋಡುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಮಿಸ್, ನನ್ನ ತ್ರಿಭುಜ 180.01 ಆಗ್ತಿದೆ." ಹೋಗಿ ನೋಡಿದೆ. 61.24, 47.56, 71.21. ಕೂಡಿದರೆ ನಿಜವಾಗಿಯೂ 180.01. "ಕಂಪ್ಯೂಟರ್ ತಪ್ಪು ಮಾಡುತ್ತಾ?" ಅಂತ ಗಲಾಟೆಯೋ ಗಲಾಟೆ. ಉತ್ತರ ನನಗೆ ಗೊತ್ತಿತ್ತು. ನಾಲಿಗೆ ತುದಿಗೇ ಬಂದಿತ್ತು. ಹೇಳಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಶಮಾಂಶ ಸ್ಥಾನಗಳನ್ನು ಜಾಸ್ತಿ ಮಾಡುವ ಜಾಗ ಮಾತ್ರ ತೋರಿಸಿದೆ. ಮೂರು ಸ್ಥಾನ ಮಾಡಿದರು: 61.236, 47.557, 71.207. ಈಗ ಸರಿಯಾಗಿ 180. "ಮೂರನ್ನೂ ಮೇಲಕ್ಕೆ ದೂಡಿಬಿಟ್ಟಿದೆ ಮಿಸ್!" ಅಂತ ಅವನೇ ಕೂಗಿದ. ಆಮೇಲೆ ಇಡೀ ತರಗತಿ 179.99 ಬರುವ ತ್ರಿಭುಜ ಹುಡುಕಲು ಕೂತಿತು. ಅಂದಾಜಿಸುವಿಕೆ ಅನ್ನುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನಾನು ಕುಳಿತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

ಉತ್ತರ ಗೊತ್ತಿದ್ದೂ ಹೇಳದೆ ನಿಲ್ಲುವುದು ಬಹಳ ಕಷ್ಟದ ಕೆಲಸ ಕಣ್ರೀ. ಬಿ.ಎಡ್.ನಲ್ಲಿ ನಮಗೆ ವಿವರಿಸುವುದನ್ನು ಕಲಿಸಿದರು. ಕಾಯುವುದನ್ನು ನಾನು ಲ್ಯಾಬ್‌ನಲ್ಲಿ ಕಲಿತೆ.

ಹಾಗಂತ ಎಲ್ಲವನ್ನೂ ಎಳೆದು ನೋಡಿದರೆ ಮುಗಿಯಿತು ಅನ್ನುವವಳಲ್ಲ ನಾನು. ಒಂಬತ್ತನೇ ತರಗತಿಯಲ್ಲಿ ಮಧ್ಯಬಿಂದು ಪ್ರಮೇಯ ಬರುತ್ತದೆ: ತ್ರಿಭುಜದ ಎರಡು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸುವ ಗೆರೆ ಮೂರನೆಯ ಬಾಹುವಿಗೆ ಸಮಾಂತರ, ಅದರ ಅರ್ಧ. ಅದರ ಜೊತೆಗೇ ಒಂದು ಲೆಕ್ಕ: ಯಾವುದೇ ಚತುರ್ಭುಜದ ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಕ್ರಮವಾಗಿ ಸೇರಿಸಿದರೆ ಸಮಾಂತರ ಚತುರ್ಭುಜ ಸಿಗುತ್ತದೆ ಅಂತ ಸಾಧಿಸಬೇಕು. ಫ್ರಾನ್ಸಿನ ಪಿಯೆರ್ ವರಿನ್ಯೋನ್ ಹೆಸರಿನಲ್ಲಿರುವ ಫಲಿತಾಂಶ ಇದು, ಅವರು ತೀರಿಕೊಂಡ ಮೇಲೆ 1731ರಲ್ಲಿ ಅಚ್ಚಾದದ್ದು. ಮಕ್ಕಳು ಇದನ್ನು ಜಿಯೋಜೀಬ್ರಾದಲ್ಲಿ ಮಾಡಿದಾಗ ಸೋಲಿಸಲೇಬೇಕು ಅಂತ ಹಟ ಹಿಡಿಯುತ್ತಾರೆ. ಒಂದು ಮೂಲೆಯನ್ನು ಒಳಕ್ಕೆ ದೂಡಿ ಬಾಣದ ಆಕಾರ ಮಾಡುತ್ತಾರೆ. ಒಳಗಿನದು ಸಮಾಂತರವೇ. ಬಾಹುಗಳು ಒಂದನ್ನೊಂದು ದಾಟುವ ಹಾಗೆ ತಿರುಚುತ್ತಾರೆ. ಆಗಲೂ ಸಮಾಂತರವೇ. ಹೊರಗಿನದು ಎಷ್ಟು ಕೆಟ್ಟರೂ ಒಳಗಿನದು ಕೆಡುವುದಿಲ್ಲ. ಒಂದು ಗುಂಪು ವಿಸ್ತೀರ್ಣ ಅಳೆದು ಒಳಗಿನದು ಹೊರಗಿನದರ ಅರ್ಧ ಅಂತ ಕಂಡುಕೊಂಡಿತು, ಅದನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಂದು ಗುಂಪು ಒಳಗಿನದು ಯಾವಾಗ ಆಯತ ಆಗುತ್ತೆ ಅಂತ ಹುಡುಕುತ್ತಾ ಹೋಗಿ, ಹೊರಗಿನ ಕರ್ಣಗಳು ಲಂಬವಾದಾಗ ಅಂತ ಹಿಡಿಯಿತು.

ಆಗ ಕೇಳುತ್ತೇನೆ: "ಯಾಕೆ?" ಎಷ್ಟು ಎಳೆದರೂ ಎಲ್ಲವನ್ನೂ ಎಳೆದು ಮುಗಿಸಲಾಗುವುದಿಲ್ಲ ಅಲ್ವಾ. ಇನ್ನೆಲ್ಲೋ ಒಂದು ಚತುರ್ಭುಜ ಕೈಕೊಟ್ಟರೆ? ಕಂಪ್ಯೂಟರ್ ಬಂದ್ ಮಾಡಿ, ನೋಟ್‌ಬುಕ್ ತೆಗೆದು, ಒಂದು ಕರ್ಣ ಎಳೆದು, ಎರಡು ತ್ರಿಭುಜಕ್ಕೂ ಮಧ್ಯಬಿಂದು ಪ್ರಮೇಯ ಹಾಕಿದರೆ ನಾಲ್ಕೇ ಸಾಲಿನಲ್ಲಿ ಸಾಧನೆ ಮುಗಿಯುತ್ತದೆ. ಎದುರುಬದುರಿನ ಎರಡು ಬಾಹುಗಳೂ ಆ ಕರ್ಣಕ್ಕೆ ಸಮಾಂತರ, ಎರಡೂ ಅದರ ಅರ್ಧ. ಮೊದಲೆಲ್ಲ ಸಾಧನೆ ಅಂದರೆ ಪರೀಕ್ಷೆಗೆ ಬರೆಯುವ ಸಾಲುಗಳು. ಈಗ ಮಕ್ಕಳಿಗೆ ಅದು ಬೇಕಾಗಿಯೇ ಬೇಕಾಗುತ್ತದೆ, ಏಕೆಂದರೆ ಸೋಲಿಸಲು ಹೋಗಿ ಸೋತವರು ಅವರೇ. ತಂತ್ರಜ್ಞಾನ ಬಂದರೆ ಮಕ್ಕಳು ತಲೆ ಓಡಿಸುವುದು ಬಿಡುತ್ತಾರೆ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಮೌಸ್ ಯಾರ ಕೈಯಲ್ಲಿದೆ, ಅದರ ಜೊತೆ ಯಾವ ಪ್ರಶ್ನೆ ಕೊಟ್ಟಿದ್ದೀವಿ, ಎಲ್ಲ ಅದರ ಮೇಲೆ ನಿಂತಿದೆ.

ಉತ್ತರಪತ್ರಿಕೆ ತಿದ್ದುವ ಕಣ್ಣೂ ಬದಲಾಯಿತು. ಜಿಯೋಜೀಬ್ರಾದಲ್ಲಿ ಕನ್‌ಸ್ಟ್ರಕ್ಷನ್ ಪ್ರೋಟೊಕಾಲ್ ಅನ್ನುವ ಒಂದು ಕಿಟಕಿ ಇದೆ. ಚಿತ್ರ ಯಾವ ಕ್ರಮದಲ್ಲಿ ಹುಟ್ಟಿತು ಅನ್ನುವುದನ್ನು ಒಂದೊಂದೇ ಹಂತವಾಗಿ ಮತ್ತೆ ಓಡಿಸಿ ನೋಡಬಹುದು. ನೋಟ್‌ಬುಕ್ಕಿನಲ್ಲಿ ಒಂದೇ ಥರ ಕಾಣುವ ಎರಡು ಚೌಕಗಳು ಇಲ್ಲಿ ಬೇರೆ ಬೇರೆ ದಾರಿಯಲ್ಲಿ ಬಂದಿರುತ್ತವೆ. ಒಬ್ಬಳು ಬಾಹುವಿನಿಂದ ಶುರುಮಾಡಿರುತ್ತಾಳೆ, ಇನ್ನೊಬ್ಬ ವೃತ್ತ ಹಾಕಿ ಅದರೊಳಗೆ ಲಂಬವಾದ ಎರಡು ವ್ಯಾಸ ಎಳೆದು ತುದಿಗಳನ್ನು ಸೇರಿಸಿರುತ್ತಾನೆ. ಈಗ ನಾನು ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಲ್ಯಾಬ್‌ನಲ್ಲಿ ಕೂತು ಈ ಫೈಲ್‌ಗಳನ್ನು ಓಡಿಸಿ ನೋಡುತ್ತೇನೆ. ಮುಂದಿನ ವಾರ ಯಾರಿಗೆ ಏನು ಕೇಳಬೇಕು ಅನ್ನುವುದು ಅಲ್ಲಿಂದಲೇ ಸಿಗುತ್ತದೆ. ನನ್ನ ಪಾಠಯೋಜನೆಯ ಪುಸ್ತಕದಲ್ಲಿ ಈಗ ಪ್ರಶ್ನೆಗಳೇ ಜಾಸ್ತಿ.

ಕೊರೊನಾ ಕಾಲದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರುತ್ತಿತ್ತು, ವಿದ್ಯಾಗಮ ಅಂತ ನಾವೂ ಊರೂರಿಗೆ ಹೋಗಿ ಮರದ ಕೆಳಗೆ ಪಾಠ ಮಾಡಿದೆವು. ಮನೆಯಲ್ಲಿ ಒಂದೇ ಫೋನು, ಅದೂ ಅಪ್ಪ ಕೆಲಸದಿಂದ ಬಂದ ಮೇಲೆ. ಅದೇ ಫೋನಿನಲ್ಲೂ ಜಿಯೋಜೀಬ್ರಾ ನಡೆಯುತ್ತೆ ಅಂತ ನನಗೆ ತೋರಿಸಿಕೊಟ್ಟದ್ದು ಮಕ್ಕಳು.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ.

ನಮ್ಮ ತಾಲ್ಲೂಕಿನಲ್ಲಿ ದೊಡ್ಡ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಕಡೆ ಐದು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್. ಮಳೆ ಇಲ್ಲದ ನಮ್ಮ ಕಡೆ ಕಡಲೆಕಾಯಿ ಬೆಳೆದು ಸೋತವರು ಜಮೀನನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋದರೆ ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್. ಒಂದು ದಿನ ಕೋನಗಳ ಪಾಠದ ಮಧ್ಯೆ ಒಬ್ಬ ಹುಡುಗಿ ಕೇಳಿದಳು: "ಮಿಸ್, ಸೂರ್ಯ ಮಧ್ಯಾಹ್ನ ತಲೆ ಮೇಲೆ ಬರ್ತಾನಲ್ಲ, ಮತ್ಯಾಕೆ ಪ್ಯಾನೆಲ್ ದಕ್ಷಿಣಕ್ಕೆ ಬಗ್ಗಿರೋದು? ಎಷ್ಟು ಡಿಗ್ರಿ ಬಗ್ಗಿಸ್ತಾರೆ?" ಆ ಪ್ರಶ್ನೆಗೆ ಉತ್ತರ ನನ್ನ ಬಳಿ ಸಿದ್ಧವಿರಲಿಲ್ಲ. "ಗೊತ್ತಿಲ್ಲ, ಅಳೆಯೋಣ" ಅಂದೆ.

ಲ್ಯಾಬ್‌ನಲ್ಲಿ ಸ್ಟೆಲೇರಿಯಂ ಹಾಕಿಕೊಂಡೆವು. ಆಕಾಶ ತೋರಿಸುವ ಉಚಿತ ತಂತ್ರಾಂಶ ಅದು. ಊರು ಕೊಟ್ಟು, ದಿನಾಂಕ ಬದಲಿಸುತ್ತಾ ಮಧ್ಯಾಹ್ನದ ಸೂರ್ಯನನ್ನು ಮಕ್ಕಳು ಹಿಂಬಾಲಿಸಿದರು. ಡಿಸೆಂಬರ್ 21ರಂದು ಸೂರ್ಯ ದಕ್ಷಿಣದಲ್ಲಿ 52 ಡಿಗ್ರಿ ಚಿಲ್ಲರೆ ಎತ್ತರಕ್ಕಷ್ಟೇ ಏರುತ್ತಾನೆ. ಜೂನ್ 21ರಂದು ನೆತ್ತಿಯನ್ನು ದಾಟಿ ಉತ್ತರಕ್ಕೇ ಹೋಗಿರುತ್ತಾನೆ. ನೆತ್ತಿಯ ಮೇಲೆ ಸರಿಯಾಗಿ ಬರುವುದು ವರ್ಷದಲ್ಲಿ ಎರಡು ಸಲ ಮಾತ್ರ: ಪಾವಗಡಕ್ಕೆ ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಮತ್ತೆ ಆಗಸ್ಟ್ ಮಧ್ಯದಲ್ಲಿ. "ಮಿಸ್, ಸ್ವಾತಂತ್ರ್ಯ ದಿನಾಚರಣೆ!" ಅಂತ ಕಿರುಚಿದರು. ಆ ವರ್ಷ ಧ್ವಜಾರೋಹಣ, ಸಿಹಿ ಹಂಚಿಕೆ ಎಲ್ಲ ಮುಗಿದ ಮೇಲೂ ಮನೆಗೆ ಹೋಗದೆ ಹನ್ನೆರಡೂವರೆವರೆಗೆ ಕಾದು, ಧ್ವಜಸ್ತಂಭದ ನೆರಳು ಅದರ ಬುಡಕ್ಕೇ ಸೇರಿಕೊಳ್ಳುವುದನ್ನು ನೋಡಿದರು. ಊರಿನ ಹಿರಿಯರೂ ಬಂದು ನಿಂತರು.

ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಸೂರ್ಯ ಭೂಮಧ್ಯರೇಖೆಯ ಮೇಲಿರುತ್ತಾನೆ. ಆ ದಿನ ಮಧ್ಯಾಹ್ನ ಅವನು ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ವಾಲಿರುತ್ತಾನೋ ಅದೇ ನಮ್ಮ ಊರಿನ ಅಕ್ಷಾಂಶ. ಅದನ್ನು ಅಳೆಯಲು ಒಂದು ಮೀಟರ್ ಕೋಲು ನಿಲ್ಲಿಸಿದೆವು. ಗಾರೆ ಕೆಲಸದವರ ಮಗನೊಬ್ಬ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯಾ ಅಂತ ಪರೀಕ್ಷಿಸಿದ. ಅಷ್ಟು ಗಂಭೀರವಾದ ಅವನ ಮುಖವನ್ನು ತರಗತಿಯಲ್ಲಿ ನಾನು ಕಂಡಿರಲಿಲ್ಲ. ನೆರಳು ಅತಿ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ನಮ್ಮಲ್ಲಿ ಆ ದಿನ ಸುಮಾರು 12.13ಕ್ಕೆ. ನೆರಳು 25 ಸೆಂಟಿಮೀಟರ್ ಬಂತು. ಒಂಬತ್ತನೇ ತರಗತಿಯವರಿಗೆ ತ್ರಿಕೋನಮಿತಿ ಇನ್ನೂ ಗೊತ್ತಿಲ್ಲ. ಜಿಯೋಜೀಬ್ರಾದಲ್ಲಿ 100ಕ್ಕೆ 25ರ ಲಂಬಕೋನ ತ್ರಿಭುಜ ಬರೆದು ಕೋನ ಅಳೆದರು: 14.04 ಡಿಗ್ರಿ. ಸಮಾಜ ವಿಜ್ಞಾನದ ಭೂಪಟದಲ್ಲಿ ಪಾವಗಡದ ಅಕ್ಷಾಂಶ ನೋಡಿದರು: ಸುಮಾರು 14.1. ಕೋಲು, ನೆರಳು, ಒಂದು ತ್ರಿಭುಜ, ಅಷ್ಟರಲ್ಲೇ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಅಂತ ತಿಳಿಯಿತು. ಸ್ಥಿರವಾಗಿ ನಿಲ್ಲಿಸುವ ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ಆಯಾ ಊರಿನ ಅಕ್ಷಾಂಶದ ಆಸುಪಾಸಿನ ಕೋನಕ್ಕೇ ಬಾಗಿಸುತ್ತಾರೆ. ಆ ಹುಡುಗಿಗೆ ಅವಳ ಉತ್ತರ ಸಿಕ್ಕಿತು, ನನಗೂ.

ಇಲ್ಲಿಗೆ ನಿಲ್ಲಲಿಲ್ಲ. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನಲ್ಲಿ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕಥೆ ಮಕ್ಕಳು ಕೇಳಿದ್ದರು. "ನಾವೂ ಮಾಡಬಹುದಲ್ವಾ ಮಿಸ್, ಇನ್ನೊಂದು ಊರು ಬೇಕು ಅಷ್ಟೇ." ಯಾವ ಊರು? ನಕ್ಷೆ ತೆರೆದು ನಮ್ಮ ನೇರ ಉತ್ತರಕ್ಕೆ ಹೋದರು. ಬೀದರ್! ಪಾವಗಡ 77.3 ಡಿಗ್ರಿ ರೇಖಾಂಶ, ಬೀದರ್ 77.5. ತರಬೇತಿಯಲ್ಲಿ ಪರಿಚಯವಾದ ಒಬ್ಬ ಮೇಷ್ಟ್ರು ಆ ಜಿಲ್ಲೆಯಲ್ಲಿದ್ದಾರೆ. ಫೋನ್ ಮಾಡಿದೆ. "ಆಯ್ತ್ರಿ ಮೇಡಂ, ನಮ್ಮ ಹುಡುಗ್ರೂ ರೆಡಿ" ಅಂದರು.

ಈ ಸಲದ ಸೆಪ್ಟೆಂಬರಿನಲ್ಲಿ ಎರಡೂ ಶಾಲೆಯ ಅಂಗಳದಿಂದ ವಿಡಿಯೋ ಕಾಲ್. ಅಲ್ಲಿ ಮೋಡ ಬಂದು ಹೋಗುತ್ತಿತ್ತು, ನಮ್ಮ ಮಕ್ಕಳು ಇಲ್ಲಿಂದ "ಇನ್ನೂ ಐದು ನಿಮಿಷ ಐತೆ, ಸರಿಯುತ್ತೆ" ಅಂತ ಧೈರ್ಯ ಹೇಳುತ್ತಿದ್ದರು. ಬೀದರಿನವರ ನೆರಳು 32 ಸೆಂಟಿಮೀಟರ್. ಕೋನ 17.74. ನಮ್ಮ 14.04ಕ್ಕೂ ಅದಕ್ಕೂ ವ್ಯತ್ಯಾಸ 3.7 ಡಿಗ್ರಿ ಚಿಲ್ಲರೆ. ಎರಡು ಊರಿನ ನಡುವಿನ ದೂರ ಎಷ್ಟು ಅನ್ನುವಲ್ಲಿ ದೊಡ್ಡ ಚರ್ಚೆ ನಡೆಯಿತು. ಒಬ್ಬ ಬಸ್ ದಾರಿಯ ಲೆಕ್ಕ ತೆಗೆದ. "ಬಸ್ಸು ಸುತ್ತಿಬಳಸಿ ಹೋಗುತ್ತೆ, ನೇರ ದೂರ ಬೇಕು" ಅಂತ ಇನ್ನೊಬ್ಬಳು ತಡೆದಳು. ನಕ್ಷೆಯಲ್ಲಿ ಅಳೆದು 425 ಕಿ.ಮೀ. ಅಂತ ಇಟ್ಟುಕೊಂಡರು. ಅಷ್ಟು ಡಿಗ್ರಿಗೆ 425 ಕಿ.ಮೀ. ಆದರೆ ಇಡೀ 360 ಡಿಗ್ರಿಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ಸುಮಾರು 41,250 ಕಿ.ಮೀ. ಪುಸ್ತಕದಲ್ಲಿರುವುದು 40,000 ಚಿಲ್ಲರೆ. ಬೀದರಿನ ಅಂಗಳದಲ್ಲಿ ಎದ್ದ ಕೂಗು ನಮ್ಮ ಫೋನಿನ ಸ್ಪೀಕರ್ ದಾಟಿ ಆಫೀಸ್ ರೂಮಿನವರೆಗೂ ಹೋಯಿತು, ಎಚ್.ಎಮ್. ಏನಾಯ್ತು ಅಂತ ಎದ್ದು ಬಂದರು.

ನಾನು ಸಂಭ್ರಮಪಟ್ಟದ್ದು ಮರುದಿನ. ಒಬ್ಬಳು ನೆರಳಿನ ಉದ್ದಕ್ಕೆ ಸ್ಲೈಡರ್ (ಎಳೆದರೆ ಅಳತೆ ಬದಲಾಗುವ ಗುಂಡಿ) ಇಟ್ಟು ಫೈಲ್ ಮಾಡಿದ್ದಳು. ಬೀದರಿನ 32 ಅನ್ನು 33 ಮಾಡಿದಳು. ಭೂಮಿ 36,200ಕ್ಕೆ ಕುಗ್ಗಿತು. "ಮಿಸ್, ಒಂದು ಸೆಂಟಿಮೀಟರ್‌ಗೆ ಐದು ಸಾವಿರ ಕಿಲೋಮೀಟರ್ ಹೋಯ್ತು. ನಾವು ಅಳೆದಿದ್ದು ಸರಿ ಬಂತು ಅಂತ ಖುಷಿಪಡೋ ಹಂಗಿಲ್ಲ. ನೆರಳಿನ ಅಂಚು ಮಸುಕಾಗಿರುತ್ತೆ, ಅರ್ಧ ಸೆಂಟಿಮೀಟರ್ ಯಾರಿಗೆ ಗೊತ್ತಾಗುತ್ತೆ?" ಹದಿನಾಲ್ಕು ವರ್ಷದ ಹುಡುಗಿ ತನ್ನ ಸರಿ ಉತ್ತರವನ್ನೇ ಅನುಮಾನದಿಂದ ನೋಡುತ್ತಿದ್ದಳು. ವಿಜ್ಞಾನಿ ಮಾಡುವುದೂ ಅದನ್ನೇ. ಆಮೇಲೆ ಅವರೇ ಎರಡು ತಿದ್ದುಪಡಿ ಸೂಚಿಸಿದರು: ಕೋಲು ಉದ್ದ ಮಾಡಬೇಕು, ಊರು ದೂರ ಇರಬೇಕು. ಸೂರ್ಯ ಭೂಮಧ್ಯರೇಖೆಯ ಮೇಲಿರುವ ಸಂಪಾತದ ದಿನವೇ ಬೇಕು ಅಂತೇನಿಲ್ಲ, ಎರಡೂ ಕಡೆ ಒಂದೇ ದಿನ ಅಳೆದರೆ ಸಾಕು ಅನ್ನುವುದನ್ನೂ ಅವರೇ ಕಂಡುಕೊಂಡರು, ಯಾಕಂದರೆ ಬೇಕಾಗಿರುವುದು ಎರಡು ಕೋನಗಳ ವ್ಯತ್ಯಾಸ.

"ಕಂಪ್ಯೂಟರ್ ಮುಂದೆ ಕೂರಿಸಿದ್ರೆ ಎಸ್.ಎಸ್.ಎಲ್.ಸಿ. ಪಾಸಾಗ್ತಾರಾ ಮೇಡಂ?" ಅಂತ ಪೋಷಕರ ಸಭೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹತ್ತನೇ ತರಗತಿಯಲ್ಲಿ ನಾನೂ ಕೈಬರಹದ ಅಭ್ಯಾಸ, ಹಳೆ ಪ್ರಶ್ನೆಪತ್ರಿಕೆ ಎಲ್ಲ ಮಾಡಿಸುತ್ತೇನೆ. ಆದರೆ ಟ್ಯಾನ್ ಅಂದರೆ ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ ಬಾಹು ಬೈ ಪಕ್ಕದ ಬಾಹು ಅನ್ನುವುದನ್ನು ಬೋರ್ಡ್ ಮೇಲೆ ಬರೆದಾಗ, ಹಿಂದಿನ ವರ್ಷ ಕೋಲು ನಿಲ್ಲಿಸಿದ ಮಕ್ಕಳು "ಅದು ನಮ್ಮ 25 ಬೈ 100 ಅಲ್ವಾ ಮಿಸ್" ಅನ್ನುತ್ತಾರೆ. ಆ ಅಧ್ಯಾಯ ಅಲ್ಲಿಂದ ಮುಂದಕ್ಕೆ ಹಗುರವಾಗಿ ಸಾಗುತ್ತದೆ.

ಮುಂದಿನ ಊರು ಯಾವುದು ಅಂತ ಮಕ್ಕಳು ಈಗಾಗಲೇ ನಕ್ಷೆ ಹರಡಿಕೊಂಡು ಕೂತಿದ್ದಾರೆ. ದೆಹಲಿ, ಬೀದರ್, ಪಾವಗಡ, ಬೆಂಗಳೂರು, ಕನ್ಯಾಕುಮಾರಿ ಎಲ್ಲವೂ ಹೆಚ್ಚುಕಮ್ಮಿ 77 ಡಿಗ್ರಿ ರೇಖಾಂಶದಲ್ಲೇ ಇವೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಿಂದ ಶುರುಮಾಡಿದ ಭಾರತದ ಭೂಮಾಪನ ಸರ್ವೆಯ ದೊಡ್ಡ ಸಾಲು ಕೂಡ ಹತ್ತಿರದ 78ನೇ ರೇಖಾಂಶದ ಗುಂಟ ಹೋದದ್ದು ಅಂತ ಒಬ್ಬ ಹುಡುಗ ಹುಡುಕಿ ತಂದಿದ್ದಾನೆ. ದೆಹಲಿಯ ಕನ್ನಡ ಶಾಲೆಯ ಶಿಕ್ಷಕರೋ, ಕನ್ಯಾಕುಮಾರಿ ಕಡೆಯವರ ಪರಿಚಯ ಇರುವವರೋ ಇದನ್ನು ಓದುತ್ತಿದ್ದರೆ ದಯವಿಟ್ಟು ತಿಳಿಸಿ. ಎರಡು ಮೀಟರ್ ಕೋಲು, ಮಟ್ಟಸವಾದ ಅಂಗಳ, ದಾರ ಮತ್ತು ಗುಂಡು, ಒಂದು ಫೋನು ಇದ್ದರೆ ಸಾಕು. ಡಿಸೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ದೆಹಲಿಯ ಮಂಜು ಒಂದು ತೊಡಕು. ಹಾಗಾಗಿ ಫೆಬ್ರವರಿ ಅಂತ ಇಟ್ಟುಕೊಂಡಿದ್ದೇವೆ. ಸ್ಲೈಡರ್ ಇರುವ ಫೈಲ್ ಮಕ್ಕಳು ಕಳಿಸಿಕೊಡುತ್ತಾರೆ.